‘ಚಿಕ್ಕಮ್ಮಾ, ನೀನು ಮಲತಾಯಿನಾ?’

ಪ್ರಶ್ನೆ: ನನಗೆ 32 ವರ್ಷ. ಮದುವೆಯಾಗಿ ಹದಿನಾಲ್ಕು ತಿಂಗಳಾಯಿತು. ನನ್ನ ಗಂಡನಿಗೆ ಇದು ಎರಡನೇ ಮದುವೆ. ಮೊದಲ ಹೆಂಡತಿ ಕಾಯಿಲೆಯಿಂದ ತೀರಿಕೊಂಡು ಮೂರು ವರ್ಷವಾಗಿದೆ. ಆರು ವರ್ಷದ ಮಗಳಿದ್ದಾಳೆ, ನನ್ನನ್ನು ಚಿಕ್ಕಮ್ಮ ಅನ್ನುತ್ತಾಳೆ. ದೀಪಾವಳಿಗೆ ಬಂದ ಅತ್ತೆ ನಮ್ಮ ಜೊತೆಗೇ ಇದ್ದಾರೆ. ಅವರು ಹಾವೇರಿ ಕಡೆಯವರು, ರಾತ್ರಿ ಮಗುವನ್ನು ಪಕ್ಕದಲ್ಲಿ ಹಾಕಿಕೊಂಡು ಕಥೆ ಹೇಳುತ್ತಾರೆ. ಗಿಳಿಯೊಳಗೆ ಜೀವ ಇಟ್ಟುಕೊಂಡ ರಾಕ್ಷಸ, ಮಕ್ಕಳನ್ನು ತಿನ್ನುವ ರಕ್ಕಸಿ, ಹುಡುಗಿಯನ್ನು ಕಾಡಿಗೆ ಅಟ್ಟುವ ಮಲತಾಯಿ, ಇಂಥವೇ. ಮೂರು ವಾರದಿಂದ ಮಗು ವಾರಕ್ಕೆ ಎರಡು ಮೂರು ಸಲ ನಡುರಾತ್ರಿ ಎದ್ದು ಅಳುತ್ತಿದ್ದಾಳೆ. ಕಳೆದ ಭಾನುವಾರ ತಲೆ ಬಾಚುತ್ತಿದ್ದಾಗ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ, ‘ಚಿಕ್ಕಮ್ಮಾ, ನೀನು ಮಲತಾಯಿನಾ?’ ಅಂದಳು. ನನಗೆ ಬಾಯೇ ಬರಲಿಲ್ಲ. ಇವರು, ‘ಈ ಅಡಗೂಲಜ್ಜಿ ಕಥೆಗಳನ್ನೆಲ್ಲ ಬಂದ್ ಮಾಡಿಸು, ಬರೀ ಮೂಢನಂಬಿಕೆ’ ಅಂದು ಟ್ಯಾಬ್‌ನಲ್ಲಿ ಇಂಗ್ಲಿಷ್ ಫೇರಿಟೇಲ್ ಹಾಕಿಕೊಡುತ್ತಾರೆ. ಅತ್ತೆ ಬೇಕಂತಲೇ ಇಂಥ ಕಥೆ ಆರಿಸುತ್ತಾರಾ? ನಿಲ್ಲಿಸಬೇಕಾ? ಮಗುವಿಗೆ ಏನು ಹೇಳಲಿ?
– ಓದುಗರು, ದಾವಣಗೆರೆ

ಉತ್ತರ: ಮೂರು ಪ್ರಶ್ನೆ ಕೇಳಿದ್ದೀರಿ. ಕೊನೆಯದನ್ನು ಮೂರೇ ಪದದಲ್ಲಿ ಮುಗಿಸಿದ್ದೀರಿ, ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಅನ್ನಿಸುತ್ತದೆ. ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯನಲ್ಲ. ಮೂವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿ ಕಥೆ ಸಂಗ್ರಹಿಸಿ, ಅದನ್ನೇ ಪಾಠ ಮಾಡಿ ನಿವೃತ್ತನಾದವನು. ಕಥೆಯ ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಮಗುವಿನ ನಿದ್ದೆಯ ವಿಷಯ ಸ್ವಲ್ಪ ಅಳುಕಿಕೊಂಡೇ ಹೇಳುತ್ತೇನೆ.

‘ಮಲತಾಯಿ’ ಎಂಬ ಮಾತಿನಿಂದಲೇ ಶುರುಮಾಡೋಣ. ನಮ್ಮ ಯಾವ ಮನೆಯಲ್ಲೂ ಯಾರೂ ಯಾರನ್ನೂ ‘ಮಲತಾಯೀ’ ಎಂದು ಕೂಗುವುದಿಲ್ಲ. ಚಿಕ್ಕಮ್ಮ ಅನ್ನುತ್ತಾರೆ, ಚಿಕ್ಕವ್ವ ಅನ್ನುತ್ತಾರೆ. ತಾಯಿಯ ತಂಗಿಗೂ ಅದೇ ಹೆಸರು, ಚಿಕ್ಕಪ್ಪನ ಹೆಂಡತಿಗೂ ಅದೇ ಹೆಸರು. ಕರೆಯುವ ಮಾತಿನಲ್ಲಿ ನೀವು ಬಳಗದ ಒಳಗೇ ಇದ್ದೀರಿ. ಮಲತಾಯಿ ಅನ್ನುವುದು ಇನ್ನೊಬ್ಬರ ಬಗ್ಗೆ ಹೇಳುವ ಮಾತು. ಕಥೆಯಲ್ಲಿದೆ, ಅದಕ್ಕಿಂತ ಹೆಚ್ಚಾಗಿ ಪತ್ರಿಕೆಯಲ್ಲಿದೆ. ಅನುದಾನ ಬರಲಿಲ್ಲವೆಂದರೆ ‘ಮಲತಾಯಿ ಧೋರಣೆ’, ರೈಲು ಬರಲಿಲ್ಲವೆಂದರೆ ‘ಮಲತಾಯಿ ಧೋರಣೆ’. ವಿಧಾನಸಭೆಯಲ್ಲೂ ಅದೇ, ಪ್ರತಿಭಟನೆಯ ಬ್ಯಾನರಿನಲ್ಲೂ ಅದೇ. ನಿಮ್ಮ ಅತ್ತೆ ನಾಳೆಯಿಂದ ಮೌನವ್ರತ ಹಿಡಿದರೂ ಅಕ್ಷರ ಕೂಡಿಸಿ ಓದಲು ಕಲಿಯುತ್ತಿರುವ ಮಗುವಿಗೆ ಆ ಮಾತು ಒಂದು ದಿನ ಸಿಕ್ಕೇ ಸಿಗುತ್ತದೆ. ಕಥೆ ನಿಲ್ಲಿಸಿದರೆ ಪ್ರಶ್ನೆ ನಿಲ್ಲುತ್ತದೆ ಅಂದುಕೊಳ್ಳಬೇಡಿ.

ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ‘ಅಡಗೂಲಜ್ಜಿ ಕಥೆ’, ‘ಕಾಗಕ್ಕ ಗುಬ್ಬಕ್ಕನ ಕಥೆ ಹೇಳಬೇಡ’ ಎಂದು ನಾವೆಲ್ಲ ಸುಳ್ಳಿಗೆ, ಬುರುಡೆಗೆ ಅನ್ನುತ್ತೇವೆ. ಕಥೆಯನ್ನು ಹಗುರ ಮಾಡಲು ಕಥೆಯದೇ ಹೆಸರು! ಇದರಲ್ಲಿ ಒಂದು ತಪ್ಪು ತಿಳಿವಳಿಕೆ ಅಡಗಿದೆ, ಅಜ್ಜಿಯ ಕಥೆ ಒರಟು, ಟ್ಯಾಬ್‌ನ ಫೇರಿಟೇಲ್ ಶುದ್ಧ ಎಂಬುದು. ಟ್ಯಾಬ್‌ನಲ್ಲಿ ಏನಿದೆ ನೋಡಿ. ಸ್ನೋ ವೈಟ್. ಡಿಸ್ನಿಯವರು 1937ರಲ್ಲಿ ತೆರೆಗೆ ತಂದದ್ದು. ಅದರಲ್ಲಿ ರಾಣಿ ಹುಡುಗಿಯ ಹೃದಯವನ್ನು ಪೆಟ್ಟಿಗೆಯಲ್ಲಿ ಹಾಕಿ ತಾ ಅನ್ನುತ್ತಾಳೆ. ಅವಳು ಯಾರು? ಮಲತಾಯಿ. ಸಿಂಡರೆಲ್ಲಾಳನ್ನು ಒಲೆಬೂದಿಗೆ ಹಚ್ಚಿದವಳು ಯಾರು? ಮಲತಾಯಿ. ಅತ್ತೆ ಹತ್ತು ಕಥೆಯಲ್ಲಿ ಒಂದು ಮಲತಾಯಿ ಕಥೆ ಹೇಳಿರಬಹುದು, ಯಜಮಾನರು ಬಟನ್ ಒತ್ತಿ ಹಾಕಿಕೊಟ್ಟದ್ದರಲ್ಲಿ ಎಷ್ಟಿವೆಯೋ ಒಮ್ಮೆ ಎಣಿಸಲಿ.

ಈ ಸ್ನೋ ವೈಟಿನ ಹಿಂದೆ ನಿಮಗೆ ಗೊತ್ತಿರಬೇಕಾದ ಸಂಗತಿಯೊಂದಿದೆ. ಜರ್ಮನಿಯ ಗ್ರಿಮ್ ಸಹೋದರರು ತಮ್ಮ ಕಥಾಸಂಗ್ರಹದ ಮೊದಲ ಸಂಪುಟವನ್ನು 1812ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಮಗಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿಯೇ. 1819ರ ಎರಡನೇ ಮುದ್ರಣಕ್ಕೆ ಬರುವಷ್ಟರಲ್ಲಿ ಹೆತ್ತ ತಾಯಿ ಬಾಣಂತಿಯಾಗಿ ಸತ್ತಿದ್ದಾಳೆ, ಅವಳ ಜಾಗದಲ್ಲಿ ಮಲತಾಯಿ ಬಂದಿದ್ದಾಳೆ. ಬರಗಾಲದಲ್ಲಿ ಮಕ್ಕಳನ್ನು ಕಾಡಿನಲ್ಲಿ ಬಿಟ್ಟುಬರುವ ಹಾನ್ಸೆಲ್ ಮತ್ತು ಗ್ರೆಟೆಲ್ ಕಥೆಯಲ್ಲೂ ಹೀಗೆಯೇ ಆಯಿತು. ಮೊದಲಿಗೆ ತಾಯಿ, 1840ರ ಮುದ್ರಣದಲ್ಲಿ ಮಲತಾಯಿ. ಆ ಪುಸ್ತಕ ಮೊದಲು ಬಂದದ್ದು ವಿದ್ವಾಂಸರಿಗಾಗಿ, ಚಿತ್ರಗಳಿಲ್ಲದೆ, ಟಿಪ್ಪಣಿ ಸಮೇತ. ಜನ ಮಕ್ಕಳಿಗೆ ಓದಿಸಲು ಕೊಳ್ಳತೊಡಗಿದಾಗ ಹೆತ್ತ ತಾಯಿ ಹೀಗೆ ಮಾಡಿದಳೆಂದು ಅಚ್ಚಿನಲ್ಲಿ ಉಳಿಸುವುದು ಕಷ್ಟವಾಯಿತು. ಅವಳ ತಪ್ಪು ಹೊರಲು ಇನ್ನೊಬ್ಬಳು ಬೇಕಾದಳು. ಎರಡು ಶತಮಾನದಿಂದ ಲೋಕವನ್ನೆಲ್ಲ ಸುತ್ತಿದ ಆ ಕೆಟ್ಟ ಮಲತಾಯಿಯರಲ್ಲಿ ಕೆಲವರು ಸಂಪಾದಕರ ಲೇಖನಿಯಲ್ಲಿ ಹುಟ್ಟಿದವರು.

ಎಲ್ಲರೂ ಹಾಗೆ ಹುಟ್ಟಿದವರಲ್ಲ, ಅದನ್ನೂ ಹೇಳಬೇಕು. ಒಂಬತ್ತನೇ ಶತಮಾನದ ಚೀನಾದಲ್ಲಿ ಬರೆದಿಟ್ಟ ಯೆ ಶಿಯೆನ್ ಎಂಬ ಹುಡುಗಿಯ ಕಥೆಯಲ್ಲಿ ಮಲತಾಯಿ ಇದ್ದಾಳೆ, ಕಳೆದುಹೋದ ಪಾದರಕ್ಷೆಯೂ ಇದೆ. ಕಾರಣ ಬಹಳ ಮಟ್ಟಿಗೆ ಮನೆಯದೇ. ಹೆರಿಗೆಯಲ್ಲಿ ಹೆಂಗಸರು ಸಾಯುವುದು ಸಾಮಾನ್ಯವಾಗಿದ್ದ ಕಾಲ, ಗಂಡ ಬೇಗ ಇನ್ನೊಂದು ಮದುವೆಯಾಗುವ ರೂಢಿ, ಇದ್ದ ಎರಡೆಕರೆ ಯಾರ ಮಗುವಿಗೆ ಎಂಬ ತಕರಾರು. ನಮ್ಮಲ್ಲಿ ಇದರ ಜೊತೆಗೆ ಸವತಿ ಬೇರೆ. ಆ ಭಯಕ್ಕೆಲ್ಲ ಒಂದು ಮುಖ ಬೇಕಿತ್ತು. ಮನೆಗೆ ಹೊಸದಾಗಿ ಬಂದ, ತವರು ದೂರವಿರುವ, ತಿರುಗಿ ಮಾತಾಡಲಾರದ ಹೆಂಗಸಿನ ಮುಖ ಸುಲಭವಾಗಿ ಸಿಕ್ಕಿತು. ಎರಡನೇ ಮದುವೆಯಾದ ಅಪ್ಪ ಕಥೆಯಲ್ಲಿ ಎಲ್ಲಿರುತ್ತಾನೆ ಗಮನಿಸಿದ್ದೀರಾ? ಸಂತೆಗೆ ಹೋಗಿರುತ್ತಾನೆ.

ಹಾಗೆಂದು ಹೆಣ್ಣುಮಗುವಿನ ಕಷ್ಟದ ಕಥೆಗಳಿಗೆಲ್ಲ ಮಲತಾಯಿ ಬೇಕೇ ಬೇಕೆಂದೂ ಇಲ್ಲ. ಕವಿ, ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಪ್ರಕಟಿಸಿದ ‘ಹಂಚಿ’ ಎಂಬ ಕಥೆಯನ್ನು ಕನ್ನಡದ ಸಿಂಡರೆಲ್ಲಾ ಅನ್ನುತ್ತಾರೆ. ಅಲ್ಲಿ ಹುಡುಗಿಗೆ ಬಂಗಾರದ ಕೂದಲು. ಅಪಾಯ ಬರುವುದು ಒಡಹುಟ್ಟಿದ ಅಣ್ಣನಿಂದ, ತಂಗಿಯನ್ನೇ ಮದುವೆಯಾಗುತ್ತೇನೆ ಅನ್ನುತ್ತಾನೆ. ತಾಯಿ ಕುಂಬಾರನ ಬಳಿಗೆ ಓಡಿ, ಮಗಳ ಮುಖಕ್ಕೆ ಮಣ್ಣಿನ ಮುಖವಾಡ ಮಾಡಿಸಿ, ರಾತ್ರೋರಾತ್ರಿ ಊರು ಬಿಡಿಸುತ್ತಾಳೆ. ಹಂಚಿನಂಥ ಮುಖದವಳು ಹಂಚಿಯಾದಳು. ಮುಂದೆ ಅವಳಿಗೆ ನೆರಳು ಕೊಡುವವಳು ಯಾವ ಸಂಬಂಧವೂ ಇಲ್ಲದ ಒಬ್ಬ ಮುದುಕಿ. ಈ ಕಥೆ ಆರು ವರ್ಷದ ಮಗುವಿಗಲ್ಲ. ನಿಮಗಾಗಿ ಹೇಳಿದೆ.

ಈಗ ಭಯದ ವಿಷಯ.

ಭಯಾನಕ ಕಥೆ ಕೇಳಿದರೆ ಮಗು ಹೆದರುತ್ತದೆ, ಹಿತವಾದ ಕಥೆ ಕೇಳಿದರೆ ನಿದ್ದೆ ಬರುತ್ತದೆ ಎಂಬ ಲೆಕ್ಕ ನನ್ನ ಅನುಭವದಲ್ಲಿ ಸರಿಹೋಗಿಲ್ಲ. ಶಾಲೆಗಳಲ್ಲಿ ಗಿಳಿಯೊಳಗಿನ ಜೀವದ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ. ರಾಕ್ಷಸ ಸತ್ತಾಗ ಮಕ್ಕಳು ಕೇಕೆ ಹಾಕುತ್ತವೆ. ಆಮೇಲೆ ಹಿಂದಿನ ಸಾಲಿನಿಂದ ಒಂದು ಕೈ ಮೇಲೇಳುತ್ತದೆ: ‘ಸರ್, ಗಿಳಿ ಏನು ತಪ್ಪು ಮಾಡಿತ್ತು?’ ಮಕ್ಕಳು ಯಾವುದಕ್ಕೆ ಹೆದರುತ್ತಾರೆ ಎಂದು ದೊಡ್ಡವರಾದ ನಾವು ಅಂದುಕೊಳ್ಳುತ್ತೇವೋ ಅದಕ್ಕೆ ಅವರು ಹೆದರುವುದಿಲ್ಲ. ನಾವು ಗಮನಿಸದ ಗಿಳಿಗೆ ಅಳುತ್ತಾರೆ. ಹಾಗಾಗಿ ರಕ್ಕಸಿಯೇ ನಿಮ್ಮ ಮಗಳನ್ನು ಎಬ್ಬಿಸುತ್ತಿದ್ದಾಳೆಂದು ಒಪ್ಪಿಕೊಳ್ಳಲು ನಾನು ಆತುರಪಡುವುದಿಲ್ಲ. ತಾಯಿ ಹೋದಾಗ ಅವಳಿಗೆ ಮೂರು ವರ್ಷ. ಸಾವು ಅಂದರೆ ಮತ್ತೆ ಬಾರದಿರುವುದು ಎಂಬುದು ಮಕ್ಕಳಿಗೆ ಮನದಟ್ಟಾಗುವುದು ಸುಮಾರು ಈಗಿನ ವಯಸ್ಸಿನಲ್ಲೇ. ಮೂರು ವರ್ಷದ ಹಿಂದಿನ ಅಳು ಈಗ ಬರುತ್ತಿರಬಹುದು. ಕಥೆ ಅದಕ್ಕೊಂದು ನೆಪ ಕೊಟ್ಟಿರಬಹುದು, ಮಾತನ್ನೂ ಕೊಟ್ಟಿದೆ.

1976ರಲ್ಲಿ ಬ್ರೂನೋ ಬೆಟಲ್‌ಹೈಮ್ ಎಂಬ ಮನೋವಿಜ್ಞಾನಿ ತನ್ನ ಪುಸ್ತಕದಲ್ಲಿ ಒಂದು ವಾದ ಮುಂದಿಟ್ಟ. ಮುದ್ದಿಸುವ ಅಮ್ಮ, ಗದರುವ ಅಮ್ಮ ಇಬ್ಬರೂ ಒಬ್ಬಳೇ ಎಂಬುದನ್ನು ಮಗು ಅರಗಿಸಿಕೊಳ್ಳಲಾರದೆ, ಗದರುವವಳನ್ನು ಮಲತಾಯಿ ಮಾಡಿ ಸಿಟ್ಟು ತೀರಿಸಿಕೊಳ್ಳುತ್ತದೆ, ಆದ್ದರಿಂದ ಕ್ರೂರ ಕಥೆಗಳು ಮಗುವಿಗೆ ಒಳ್ಳೆಯದು ಎಂದು. ಈಗಲೂ ಕಥೆಯ ಕಾರ್ಯಾಗಾರಗಳಲ್ಲಿ ಇದನ್ನು ವೇದವಾಕ್ಯದಂತೆ ಹೇಳುತ್ತಾರೆ. ಆ ಪುಸ್ತಕದ ಮೇಲೆ, ಬೇರೆಯವರ ಬರಹದಿಂದ ಹೆಸರು ಹೇಳದೆ ಎತ್ತಿಕೊಂಡಿದೆ ಎಂಬ ಆಪಾದನೆಯನ್ನು ಜಾನಪದ ವಿದ್ವಾಂಸ ಅಲನ್ ಡಂಡಿಸ್ 1991ರಲ್ಲಿ ಮಾಡಿದ್ದು ಬೇರೆ ಮಾತು. ನನ್ನ ತಕರಾರು ಅದಲ್ಲ. ಆ ವಾದ ನಡೆಯುವುದು ಹೆತ್ತ ತಾಯಿ ಅಡುಗೆಮನೆಯಲ್ಲಿ ಬದುಕಿರುವ ಮಗುವಿಗೆ. ನಿಮ್ಮ ಮಗಳ ಮಟ್ಟಿಗೆ ಕಥೆಯ ಮೊದಲ ಸಾಲೇ ನಿಜವಾಗಿಬಿಟ್ಟಿದೆ: ತಾಯಿ ಸತ್ತಳು, ಅಪ್ಪ ಇನ್ನೊಂದು ಮದುವೆಯಾದ. ಎರಡನೇ ಸಾಲೂ ನಿಜವಾಗುತ್ತದಾ ಅಂತ ಅವಳು ಕೇಳಿದ್ದಾಳೆ, ಅಷ್ಟೆ. ಜಾಣ ಮಗು.

ಇಲ್ಲಿ ನನ್ನದೇ ಒಂದು ಎಡವಟ್ಟನ್ನು ಹೇಳಬೇಕು. ಎಂಬತ್ತರ ದಶಕದ ಮಾತು, ಗದಗ ಕಡೆಯ ಒಂದು ಹಳ್ಳಿ. ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತ ಕೂತ ಹೆಂಗಸರು, ನಡುವೆ ನನ್ನ ಕ್ಯಾಸೆಟ್ ರೆಕಾರ್ಡರ್. ಅಜ್ಜಿಯೊಬ್ಬಳು ಕಥೆ ಹೇಳುತ್ತಿದ್ದಳು. ಮಲತಾಯಿ ಹುಡುಗಿಯನ್ನು ಕೊಂದು ಹಿತ್ತಲಲ್ಲಿ ಹೂಳುತ್ತಾಳೆ, ಹುಡುಗಿ ಹೂವಿನ ಗಿಡವಾಗಿ ಮಾತಾಡುತ್ತಾಳೆ. ಹಿಂದಿನ ವಾರವೇ ನಾನು ಅದನ್ನು ಒಮ್ಮೆ ಕೇಳಿದ್ದೆ. ಈ ಸಲ ಮಲತಾಯಿ ಇರಬೇಕಾದ ಕಡೆ ಕಾಡಿನಿಂದ ಒಬ್ಬ ರಕ್ಕಸಿ ಬಂದಳು. ನಾನೋ ಎಂ.ಎ. ಮುಗಿಸಿದ ಹುಮ್ಮಸ್ಸಿನ ಹುಡುಗ. ‘ಅಜ್ಜೀ, ಮೊನ್ನೆ ಮಲತಾಯಿ ಅಂದಿದ್ದಿಯಲ್ಲ?’ ಎಂದೆ. ಅಜ್ಜಿ ನನ್ನನ್ನು ಒಂದು ಸಲ ನೋಡಿ, ಕೈಯಲ್ಲಿದ್ದ ಕಾಯಿ ಒಡೆದು, ಕಥೆ ಮುಂದುವರಿಸಿದಳು. ಎಲ್ಲರೂ ಎದ್ದುಹೋದ ಮೇಲೆ ಬೈದಳು: ‘ಆ ಕೂಸು ಕುಂತಿತ್ತಲ್ಲೋ, ಕಣ್ಣಿಗೆ ಕಾಣಲಿಲ್ಲೇನು ನಿನಗ? ನಿನ್ನ ಪೆಟಗಿಗೆ ಬೇಕಾದ್ರ ನಾಳಿ ಬಾ, ಮಲತಾಯಿನ್ನ ಕೂಡಿಸಿ ಹೇಳ್ತೀನಿ.’ ತಾಯಿ ಸತ್ತ ಹುಡುಗಿಯೊಬ್ಬಳು ಕಂಬಕ್ಕೆ ಒರಗಿ ಕೂತಿದ್ದಳು. ನನಗೆ ಕಂಡಿರಲಿಲ್ಲ. ನಾನು ‘ಮೂಲ ಪಾಠ’ ಹುಡುಕುತ್ತಿದ್ದೆ.

ಮೂಲ ಪಾಠ ಎಂಬುದು ಇಲ್ಲ. ಸಿಂಡರೆಲ್ಲಾ ಬಗೆಯ ಕಥೆಗಳನ್ನೇ ಮೇರಿಯನ್ ಕಾಕ್ಸ್ ಎಂಬ ವಿದುಷಿ 1893ರಲ್ಲಿ 345 ಕಲೆಹಾಕಿದ್ದರು, ಒಂದು ಇನ್ನೊಂದರಂತಿಲ್ಲ. ಎದುರಿಗೆ ಕೂತವರನ್ನು ನೋಡಿ ಕಥೆ ತಿರುಗುತ್ತದೆ. ಅದಕ್ಕೇ ನಮ್ಮಲ್ಲಿ ಹೂಂಗುಟ್ಟುವುದು ಅಂತ ಇರುವುದು. ಕೇಳುವವರು ‘ಹೂಂ’ ಅನ್ನುತ್ತಿದ್ದರೆ ಮಾತ್ರ ಹೇಳುವವರು ಮುಂದೆ ಹೋಗುತ್ತಾರೆ. ಹೂಂ ಸಣ್ಣಗಾದರೆ ರಕ್ಕಸಿಯನ್ನು ಬೇಗ ಸಾಯಿಸುತ್ತಾರೆ, ಜೋರಾದರೆ ಇನ್ನೊಂದು ಸುತ್ತು ಓಡಿಸುತ್ತಾರೆ, ನಿಂತುಹೋದರೆ ಹೊದಿಕೆ ಎಳೆದು ದೀಪ ಆರಿಸುತ್ತಾರೆ. ಆ ‘ಹೂಂ’ ಮಗುವಿನ ಕೈಯಲ್ಲಿರುವ ಲಗಾಮು. ಕಥೆ ಮುಗಿದಾಗ ‘ಅವರು ಅಲ್ಲಿ ಚೆನ್ನಾಗಿದ್ದಾರೆ, ನಾವು ಇಲ್ಲಿದ್ದೇವೆ’ ಎಂದು ಬಾಗಿಲು ಹಾಕುವ ಪದ್ಧತಿಯೂ ಇದೆ. ರಕ್ಕಸಿ ಅಲ್ಲಿ ಉಳಿದಳು, ನೀನು ಇಲ್ಲಿ ಅಜ್ಜಿಯ ಸೆರಗಿನಲ್ಲಿದ್ದೀ ಅಂತ. ಟ್ಯಾಬ್‌ಗೆ ಹೂಂ ಕೇಳಿಸುವುದಿಲ್ಲ, ಒಂದು ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತದೆ. ಆಯ್ಕೆ ಮಾಡಲೇಬೇಕೆಂದರೆ ನಾನು ಮೊದಲು ಟ್ಯಾಬನ್ನು ಎತ್ತಿಡುತ್ತೇನೆ.

ಅತ್ತೆಯವರ ಮನಸ್ಸಿನಲ್ಲಿ ಏನಿದೆ? ಒಂದು ಪತ್ರ ಓದಿ ಹೇಳುವುದು ನನ್ನಿಂದಾಗದು. ನೇರ ಹೇಳಲಾಗದ್ದನ್ನು ಕಥೆಯಲ್ಲಿಟ್ಟು ಕುಟುಕುವುದುಂಟು, ಇಲ್ಲವೆಂದು ಸುಳ್ಳು ಸಮಾಧಾನ ಹೇಳುವುದಿಲ್ಲ. ಆದರೆ ಅವರ ಕಥೆಗಳ ಪಟ್ಟಿ ನೋಡಿದರೆ ಆ ಕಡೆಯ ಯಾವ ಅಜ್ಜಿಯ ಬಾಯಲ್ಲೂ ಇರುವ ಕಥೆಗಳೇ, ಆರಿಸಿ ತಂದಂತೆ ಕಾಣುವುದಿಲ್ಲ. ಅವರೂ ಒಬ್ಬ ಸೊಸೆಯನ್ನು ಕಳೆದುಕೊಂಡವರು ಎಂಬುದು ನಿಮ್ಮ ಪತ್ರದಲ್ಲಿ ಎಲ್ಲೂ ಬರಲಿಲ್ಲ, ನೆನಪಿಸುತ್ತಿದ್ದೇನೆ.

ನಿಮ್ಮ ಮುಂದಿರುವ ದಾರಿಗಳು ಹೀಗಿವೆ. ಕಥೆಯನ್ನೇ ನಿಲ್ಲಿಸಬಹುದು. ಇದರಿಂದ ಮಗುವಿಗಿಂತ ಹೆಚ್ಚು ಪೆಟ್ಟು ಬೀಳುವುದು ಅತ್ತೆಗೆ. ರಾಮಾನುಜನ್ ಸಂಗ್ರಹದ್ದೇ ಇನ್ನೊಂದು ಕನ್ನಡ ಕಥೆ ನೆನಪಾಗುತ್ತದೆ. ಒಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದಳು. ಉಸಿರು ಕಟ್ಟಿದ ಕಥೆ, ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬಿದ್ದು ಬಾಗಿಲಲ್ಲಿ ಗಂಡಸಿನ ಚಪ್ಪಲಿಯಾಗಿ ಕೂತಿತು. ಹಾಡು ಅಂಗಿಯಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದವನು, ಇವು ಯಾರವು ಎಂದು ಜಗಳ ತೆಗೆದ. ಕಥೆಯನ್ನು ಕಟ್ಟಿಹಾಕಿದರೆ ಮನೆಯಲ್ಲಿ ಜಗಳವಾಗುತ್ತದೆಂದು ಆ ಹೆಂಗಸರಿಗೆ ಗೊತ್ತಿತ್ತು. ‘ನಿಮ್ಮ ಕಥೆ ಬೇಡ’ ಎಂದು ಮಗನ ಬಾಯಿಂದ ಹೇಳಿಸಿದರೆ, ಅದು ನಿಮ್ಮ ಮಾತೇ ಎಂದು ಅವರಿಗೆ ಅನ್ನಿಸದೆ ಇರುವುದಿಲ್ಲ.

ಕಥೆಯ ಹಲ್ಲು ಕಿತ್ತು ಹೇಳಿಸಬಹುದು: ರಕ್ಕಸಿ ಸಸ್ಯಾಹಾರಿಯಾದಳು, ಮಲತಾಯಿ ಕ್ಷಮೆ ಕೇಳಿದಳು ಅಂತ. ಹೊಸ ಪುಸ್ತಕಗಳಲ್ಲಿ ಇದು ಬಹಳ. ಮಕ್ಕಳಿಗೆ ಇದು ತಕ್ಷಣ ಗೊತ್ತಾಗುತ್ತದೆ, ಆಮೇಲೆ ಹೂಂ ಬರುವುದಿಲ್ಲ. ಒಳ್ಳೆಯ ಸಾಕುತಾಯಿಯ ಕಥೆ ಹೇಳಿ ಎಂದು ನಿಮಗೆ ಎಲ್ಲರೂ ಸೂಚಿಸುತ್ತಾರೆ, ಯಶೋದೆ ಮೊದಲ ಹೆಸರು. ಹೇಳಿ, ಆದರೆ ನಿಮ್ಮ ಪರ ವಕಾಲತ್ತು ವಹಿಸಲು ಯಶೋದೆಯನ್ನು ಕರೆತಂದಿದ್ದೀರಿ ಎಂದು ಮಗುವಿಗೆ ವಾಸನೆ ಬಡಿದರೆ ಯಶೋದೆಯೂ ಕೆಟ್ಟಳು, ನೀವೂ ಕೆಟ್ಟಿರಿ. ಪುಣ್ಯಕೋಟಿಯ ಹಾಡಿನಲ್ಲಿ ತಾಯಿಹಸು ತಬ್ಬಲಿಯಾಗುವ ಕರುವನ್ನು ಉಳಿದ ಹಸುಗಳ ಕೈಗೆ ಒಪ್ಪಿಸುವ ಭಾಗ ಬಹಳ ದೊಡ್ಡದು, ನನಗೆ ಇಂದಿಗೂ ಗಂಟಲು ಕಟ್ಟುತ್ತದೆ. ಆದರೆ ಅದನ್ನು ಈಗ ಬೇಡ ಅನ್ನುತ್ತೇನೆ. ಹಾಡಿನಲ್ಲಿ ತಾಯಿ ತಿರುಗಿ ಬರುತ್ತಾಳೆ. ನಿಮ್ಮ ಮಗಳು ಆ ಸಾಲಿಗೆ ಕಾಯುತ್ತ ಕೂತರೆ?

ನಾನಾಗಿದ್ದರೆ ಅತ್ತೆಯವರ ಹತ್ತಿರ ಹೋಗಿ ಕೂರುತ್ತಿದ್ದೆ. ದೂರು ತೆಗೆದುಕೊಂಡಲ್ಲ, ನೆರವು ಕೇಳಿಕೊಂಡು. ‘ಅತ್ತೀ, ಕೂಸು ರಾತ್ರಿ ಅಳ್ತಾ ಇದೆ. ನನ್ನನ್ನ ಮಲತಾಯಿನಾ ಅಂತ ಕೇಳಿತು. ಏನು ಹೇಳಲಿ, ನೀವೇ ಹೇಳಿ’ ಎಂದು. ಕಂಬಕ್ಕೆ ಒರಗಿದ ಹುಡುಗಿಯನ್ನು ಕಂಡ ಅಜ್ಜಿಯ ಜಾಣ್ಮೆ ಅವರಲ್ಲೂ ಇದ್ದೀತು, ಕತ್ತಲಲ್ಲಿ ಮುಖ ಕಾಣುತ್ತಿಲ್ಲ, ಅಷ್ಟೆ. ಮಲತಾಯಿ ಕಥೆಗಳನ್ನು ಕೆಲವು ತಿಂಗಳು ಕಟ್ಟಿಡಲಿ. ರಕ್ಕಸಿ, ಏಳು ಸಮುದ್ರ, ಗಿಳಿ ಎಲ್ಲ ಇರಲಿ. ಮಗು ಹೂಂ ಅನ್ನಲಿ, ಒಂದೊಂದು ರಾತ್ರಿ ನೀವೂ ಬಾಗಿಲ ಬಳಿ ಕೂತು ಹೂಂ ಅನ್ನಿ. ಇದರಲ್ಲೂ ಅಪಾಯವಿದೆ: ಅತ್ತೆ ‘ನನ್ನನ್ನೇ ಅಂತಾಳೆ’ ಎಂದು ಮುನಿಸಿಕೊಳ್ಳಬಹುದು. ಕುಟುಕುವುದಕ್ಕಾಗಿಯೇ ಹೇಳುತ್ತಿದ್ದರೆ ಅದೂ ಆವತ್ತೇ ತಿಳಿಯುತ್ತದೆ. ಆಗ ಮಾತಾಡಬೇಕಾದವರು ನೀವಲ್ಲ, ಸಂತೆಗೆ ಹೋಗಿರುವ ನಿಮ್ಮ ಯಜಮಾನರು.

ರಾತ್ರಿಯ ಅಳು ಇನ್ನೂ ಕೆಲವು ವಾರ ಹೀಗೇ ನಡೆದರೆ, ಹಾಸಿಗೆಯಲ್ಲಿ ಉಚ್ಚೆ ಮತ್ತೆ ಶುರುವಾದರೆ, ಶಾಲೆಗೆ ಹೋಗಲು ಒಲ್ಲೆ ಎಂದರೆ, ಹಗಲೂ ಮಂಕಾಗಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ, ಅವರ ಮೂಲಕ ಆಪ್ತಸಮಾಲೋಚಕರನ್ನು ಕಾಣಿ. ನಿಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ತೀರಾ ದೂರವಲ್ಲ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವೇ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಇದನ್ನು ಕಥೆಯಿಂದ ಗುಣಪಡಿಸಲು ಹೋಗಬೇಡಿ.

ಉಳಿದದ್ದು ಮಗುವಿನ ಪ್ರಶ್ನೆ. ‘ಇಲ್ಲ’ ಅನ್ನಬೇಡಿ. ಎರಡು ವರ್ಷದಲ್ಲಿ ಶಾಲೆಯಲ್ಲಿ ಯಾರಾದರೂ ‘ಹೌದು’ ಅನ್ನುತ್ತಾರೆ, ಆಗ ನೀವು ಸುಳ್ಳು ಹೇಳಿದವರಾಗುತ್ತೀರಿ. ‘ನಾನು ಅಂಥವಳಲ್ಲ ಕಂದಾ’ ಎಂದು ಕಣ್ಣೀರು ಹಾಕುವುದೂ ಬೇಡ, ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಅವಳ ಮೇಲೆ ಬೀಳುತ್ತದೆ. ‘ಹೌದು, ಕಥೆಯಲ್ಲಿ ಹಾಗೆ ಅಂತಾರೆ. ನಿನ್ನ ಅಮ್ಮ ತೀರಿಕೊಂಡಮೇಲೆ ಬಂದ ಚಿಕ್ಕಮ್ಮ ನಾನು. ಅಜ್ಜಿ ಕಥೆಯಲ್ಲಿ ಅವಳು ಏನು ಮಾಡಿದಳು?’ ಎಂದು ಕೇಳಿ. ಆಮೇಲೆ ಹೂಂಗುಟ್ಟುವ ಸರದಿ ನಿಮ್ಮದು. ಅವಳು ಕಾಡು ಅನ್ನಬಹುದು, ಹಸಿವು ಅನ್ನಬಹುದು, ನಡುವೆ ‘ಅಮ್ಮ ಎಲ್ಲಿದ್ದಾಳೆ’ ಅನ್ನಬಹುದು. ಅವಳ ತಾಯಿಯ ಫೋಟೊ ಅಟ್ಟದ ಮೇಲಿದ್ದರೆ ಕೆಳಗಿಳಿಸಿಡಿ.

ಇದನ್ನು ಕೂರಿಸಿಕೊಂಡು ಗಂಭೀರವಾಗಿ ಮಾಡಬೇಡಿ. ಅವಳು ತಲೆ ಬಾಚಿಸಿಕೊಳ್ಳುವಾಗ, ಕನ್ನಡಿಯಲ್ಲಿ ನೋಡುತ್ತ ಕೇಳಿದಳು, ಮುಖಕ್ಕೆ ಮುಖ ಕೊಟ್ಟು ಕೇಳುವುದು ಕಷ್ಟವಾದದ್ದಕ್ಕೆ ಆ ಜಾಗ ಆರಿಸಿಕೊಂಡಿದ್ದಾಳೆ. ಮುಂದಿನ ಭಾನುವಾರ ಅಲ್ಲೇ ಹೇಳಿ. ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಎರಡು ಜಡೆ ಹಾಕಿ. ಅಷ್ಟು ಹೊತ್ತು ಬೇಕಾಗುತ್ತದೆ.